ಐದು ಯಂತ್ರಗಳಿಗೊಂದು ಚಂದಾ

ಅಕ್ಕನ ಜೊತೆ ಮಾತು ಬಿಟ್ಟು ವರ್ಷ ದಾಟಿದ್ದರೂ ಅಕ್ಕನ ಅಂಗಡಿ ಎಂದು ತೆರೆದಿದೆ, ಎಂದು ಮುಚ್ಚಿದೆ ಎಂಬುದು ತಂಗಿಗೆ ತಿಳಿಯುತ್ತಲೇ ಇತ್ತು. ಯಾರೂ ಬಂದು ಹೇಳುತ್ತಿರಲಿಲ್ಲ. ಎರಡೂ ಮನೆಯ ಕಂಪ್ಯೂಟರುಗಳಿಗೆ ಸೇರಿಸಿ ಒಂದೇ ಆ್ಯಂಟಿವೈರಸ್ ಕೊಂಡವಳು ಅವಳು. ಚಂದಾ ಅವಳ ಹೆಸರಿನಲ್ಲಿತ್ತು. ಕಂಪನಿಯ ಪುಟ ತೆರೆದರೆ ಐದು ಹೆಸರುಗಳು ಒಂದರ ಕೆಳಗೊಂದು ಕಾಣುತ್ತಿದ್ದವು. ತನ್ನ ಲ್ಯಾಪ್‌ಟಾಪು, ಗಂಡನ ಫೋನು, ಮಗಳ ಲ್ಯಾಪ್‌ಟಾಪು, ಆಮೇಲೆ ‘ಅಕ್ಕ ಅಂಗಡಿ ಒಂದು’, ‘ಅಕ್ಕ ಅಂಗಡಿ ಎರಡು’. ಪ್ರತಿಯೊಂದರ ಪಕ್ಕದಲ್ಲೂ ಒಂದು ಚುಕ್ಕೆ. ಕಂಪ್ಯೂಟರ್ ಚಾಲೂ ಇದ್ದರೆ ಹಸಿರು, ಇಲ್ಲದಿದ್ದರೆ ಬೂದು. ಬೇಕೆಂದು ನೋಡುತ್ತಿರಲಿಲ್ಲ, ಆದರೆ ಬೇರೆ ಯಾವುದಕ್ಕೋ ಆ ಪುಟ ತೆರೆದಾಗ ಕಣ್ಣು ಮೊದಲು ಕೆಳಗಿನ ಎರಡು ಸಾಲಿಗೇ ಹೋಗುತ್ತಿತ್ತು.

ಅಕ್ಕನದು ಮುದ್ರಣದ ಅಂಗಡಿ. ವಿಸಿಟಿಂಗ್ ಕಾರ್ಡು, ಬಾಟಲಿಗೆ ಅಂಟಿಸುವ ಲೇಬಲ್ಲು, ಸಣ್ಣ ಸಣ್ಣ ರಟ್ಟಿನ ಡಬ್ಬಿ. ಮೊದಲನೆಯ ಕಂಪ್ಯೂಟರಿನಲ್ಲಿ ಬಿಲ್ಲು ಮತ್ತು ಪತ್ರವ್ಯವಹಾರ, ಎರಡನೆಯದರಲ್ಲಿ ವಿನ್ಯಾಸ. ಈ ಎರಡನೆಯದಕ್ಕೇ ಕಾಗದ ಕತ್ತರಿಸುವ ದೊಡ್ಡ ಯಂತ್ರವನ್ನೂ ಜೋಡಿಸಲಾಗಿತ್ತು. ಗಿರಾಕಿಗಳು ಪೆನ್‌ಡ್ರೈವ್ ಹಿಡಿದು ಬರುತ್ತಿದ್ದರು. ‘ನಮ್ಮ ಅಂಗಡಿಗೆ ಬರೋ ಪೆನ್‌ಡ್ರೈವ್‌ಗೆ ಊರಿನ ನೆಗಡಿಯೆಲ್ಲ ಅಂಟ್ಕೊಂಡಿರುತ್ತೆ’ ಎಂದು ಭಾವ ನಗುತ್ತಿದ್ದ ಕಾಲದಲ್ಲಿ, ತಂಗಿ ಒಂದು ಭಾನುವಾರ ಹೋಗಿ ಎರಡಕ್ಕೂ ಆ್ಯಂಟಿವೈರಸ್ ಹಾಕಿ ಬಂದಿದ್ದಳು. ಭಾವನಿಗೆ ಮನೆಯಲ್ಲಿ ರೇಡಿಯೊ ಎಂದೇ ಹೆಸರು. ಒಮ್ಮೆ ಶುರುವಾದರೆ ಆರಿಸುವ ಗುಂಡಿ ಯಾರ ಕೈಗೂ ಸಿಗುತ್ತಿರಲಿಲ್ಲ.

ಮಾತು ಬಿಟ್ಟದ್ದು ಅಮ್ಮನ ವಿಷಯಕ್ಕೆ. ತಂಗಿಗೆ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ. ಹೊಸ ಉಪಕರಣದ ತರಬೇತಿಗೆಂದು ದೂರದ ಊರಿಗೆ ಹೋಗಿದ್ದಾಗ ಅಮ್ಮ ಆಸ್ಪತ್ರೆ ಸೇರಿದಳು. ತಂಗಿ ದಿನಾ ಫೋನ್ ಮಾಡುತ್ತಿದ್ದಳು. ಅಕ್ಕ ದಿನಾ ಒಂದೇ ಮಾತು ಹೇಳುತ್ತಿದ್ದಳು: ‘ಸ್ವಲ್ಪ ಸುಸ್ತು ಅಷ್ಟೆ. ನೀನು ತರಬೇತಿ ಮುಗಿಸ್ಕೊಂಡು ಬಾ.’ ಮುಗಿಸಿಕೊಂಡು ಬರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ವೈದ್ಯರು ಮೊದಲ ವಾರದಲ್ಲೇ ಕೈಚೆಲ್ಲಿದ್ದರೆಂಬುದು ತಂಗಿಗೆ ಗೊತ್ತಾದದ್ದು ನರ್ಸಿನ ಬಾಯಿಂದ, ಆಸ್ಪತ್ರೆಯ ಮೆಟ್ಟಿಲ ಮೇಲೆ. ಅವಳು ಅಕ್ಕನ ಜೊತೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಎಂದೋ ಮುಗಿದುಹೋಗುತ್ತಿತ್ತೇನೋ. ‘ನನಗೂ ಅವಳು ಅಮ್ಮನೇ ಅಲ್ವಾ’ ಎಂದು ಒಂದು ಮಾತು ಕೇಳಿ, ಮನೆಗೆ ಬಂದು, ಆಮೇಲೆ ಅಕ್ಕನ ಫೋನ್ ಎತ್ತುವುದನ್ನೇ ನಿಲ್ಲಿಸಿದಳು. ಕೆಲವು ತಿಂಗಳಾದ ಮೇಲೆ ಅಕ್ಕನೂ ಮಾಡುವುದನ್ನು ನಿಲ್ಲಿಸಿದಳು.

ಚಂದಾ ಮುಗಿಯುತ್ತಾ ಬಂದಿದೆ, ನವೀಕರಿಸಿ ಎಂದು ಕಂಪನಿಯಿಂದ ಮೇಲ್ ಬಂದದ್ದು ಹೀಗಿರುವಾಗ. ಒಂದು ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಂಗಿ ಆ ಪುಟ ತೆರೆದಳು. ಐದು ಯಂತ್ರಗಳಿಗೊಂದು ಯೋಜನೆ, ಮೂರು ಯಂತ್ರಗಳಿಗೊಂದು ಯೋಜನೆ. ಅವಳ ಬೆರಳು ಮೂರರ ಮೇಲೆ ನಿಂತಿತು.

ಎದುರಿಗೆ ಕೂತು ತರಕಾರಿ ಹೆಚ್ಚುತ್ತಿದ್ದ ಗಂಡ ತಲೆಯೆತ್ತಿ ನೋಡಿದ. ಅವನು ಕಾರು ಓಡಿಸುವುದನ್ನು ಕಲಿಸುವವನು. ದಿನವಿಡೀ ಬೇರೆಯವರ ತಪ್ಪಿನ ಪಕ್ಕದಲ್ಲೇ ಕೂತಿರುವವನಾದ್ದರಿಂದ ಮಾತು ಕಡಿಮೆ.

‘ನಾವು ಮೂರೇ ಜನ ಅಲ್ವಾ’ ಎಂದಳು ತಂಗಿ, ಅವನು ಏನನ್ನೂ ಕೇಳದಿದ್ದರೂ.

‘ಹೌದು, ಮೂರೇ.’

‘ಅವಳಿಗೆ ಬೇಕಿದ್ರೆ ಅವಳೇ ತಗೋತಾಳೆ. ಅಂಗಡಿ ನಡೆಸೋಳಿಗೆ ಅಷ್ಟು ಗೊತ್ತಾಗಲ್ವಾ?’

‘ಗೊತ್ತಾಗುತ್ತೆ’ ಎಂದು ಗಂಡ ಚಾಕು ಕೆಳಗಿಟ್ಟ. ‘ನಿನ್ನಿಷ್ಟ. ಆದ್ರೆ ಸಿಟ್ಟು ಬಂದಾಗ ಸ್ಟಿಯರಿಂಗ್ ತಿರುಗಿಸ್ಬೇಡಿ ಅಂತ ನಾನು ಕಲಿಯೋಕೆ ಬರೋರಿಗೆಲ್ಲ ಹೇಳ್ತೀನಿ.’

‘ನನಗೆ ಸಿಟ್ಟೇನೂ ಇಲ್ಲ.’

‘ಅವರೂ ಹಾಗೇ ಅಂತಾರೆ.’

ತಂಗಿ ಮೂರನ್ನೇ ಒತ್ತಿದಳು. ಆದರೆ ಕೆಲಸ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ‘ನಿಮ್ಮ ಖಾತೆಯಲ್ಲಿ ಐದು ಯಂತ್ರಗಳಿವೆ. ಯಾವ ಎರಡನ್ನು ತೆಗೆದುಹಾಕಬೇಕೆಂದು ಗುರುತು ಹಾಕಿ’ ಎಂದಿತು ಪುಟ. ತಾನಾಗಿ ಬಿಟ್ಟುಹೋಗುವುದು ಬೇರೆ, ಹೆಸರಿನ ಮೇಲೆ ಬೆರಳಿಟ್ಟು ತೆಗೆಯುವುದು ಬೇರೆ. ‘ಅಕ್ಕ ಅಂಗಡಿ ಒಂದು’ ಎಂಬುದರ ಮುಂದೆ ಗುರುತು ಹಾಕಿದಳು. ‘ಅಕ್ಕ ಅಂಗಡಿ ಎರಡು’ ಎಂಬಲ್ಲಿಗೆ ಬಂದಾಗ ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಕಂಡಿತು. ಈ ಯಂತ್ರದಲ್ಲಿ ಇರುವುದು ಹಳೆಯ ಆವೃತ್ತಿ, ಈ ಆವೃತ್ತಿಗೆ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಲಾಗಿದೆ, ಯಂತ್ರ ಅಪಾಯದಲ್ಲಿದೆ.

ತಂಗಿ ಆ ಸಾಲನ್ನು ಎರಡು ಸಲ ಓದಿದಳು. ಹಾಗಾದರೆ ಚಂದಾ ಇನ್ನೂ ಜೀವಂತವಿದ್ದರೂ ಆ ಕಂಪ್ಯೂಟರಿಗೆ ಅದರ ಪ್ರಯೋಜನ ತಲುಪುತ್ತಿಲ್ಲ. ಚುಕ್ಕೆ ಹಸಿರಾಗಿದೆ ಎಂದು ಇಷ್ಟು ದಿನ ಅವಳು ನೋಡಿದ್ದೆಲ್ಲ ಕಂಪ್ಯೂಟರ್ ಚಾಲೂ ಇದೆ ಎಂಬುದನ್ನು ಮಾತ್ರ.

ಪ್ರಯೋಗಾಲಯದಲ್ಲಿ ಒಂದು ಪದ್ಧತಿಯಿತ್ತು. ಯಾವುದಾದರೂ ನೀರು ಕೆಟ್ಟದ್ದೆಂದು ಕಂಡರೆ ವರದಿ ಟೈಪಾಗುವವರೆಗೆ ಕಾಯುವಂತಿಲ್ಲ. ಕಂಡವರೇ ಫೋನೆತ್ತಿ ಆ ನೀರು ಕುಡಿಯುವವರಿಗೆ ಹೇಳಬೇಕು. ಅವರು ಬೈಯಲಿ, ನಂಬದಿರಲಿ, ಅದು ಅವರಿಗೆ ಬಿಟ್ಟದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ತಂಗಿಗೆ ಅದು ಕಷ್ಟವೆನಿಸುತ್ತಿತ್ತು. ಈಗ ರೂಢಿಯಾಗಿತ್ತು. ಅಮ್ಮನ ವಿಷಯದಲ್ಲಿ ಅವಳಿಗೆ ಅಷ್ಟು ನೋವಾದದ್ದಕ್ಕೆ ಇದೂ ಒಂದು ಕಾರಣವಿರಬಹುದು. ಗುರುತು ಪರಿಚಯವಿಲ್ಲದ ಎಷ್ಟೋ ಮನೆಗಳಿಗೆ ಕೆಟ್ಟ ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವಳಿಗೆ ತನ್ನ ಮನೆಯ ಸುದ್ದಿ ಮುಟ್ಟಿರಲಿಲ್ಲ.

ಅವಳು ಯಾವುದನ್ನೂ ತೆಗೆಯದೆ ಪುಟ ಮುಚ್ಚಿದಳು. ಅಕ್ಕನಿಗೆ ಫೋನ್ ಮಾಡಲು ಮನಸ್ಸು ಬರಲಿಲ್ಲ. ಭಾವನಿಗೆ ಒಂದು ಸಂದೇಶ ಕಳಿಸಿದಳು: ‘ಅಂಗಡಿಯ ಎರಡನೇ ಕಂಪ್ಯೂಟರ್ ಸರಿಯಿಲ್ಲ. ಆ್ಯಂಟಿವೈರಸ್ ಹಳೇದಾಗಿದೆ. ನೋಡಿಕೊಳ್ಳಿ.’ ಹೇಗಿದ್ದೀರಿ ಎಂದು ಬರೆದು ಅಳಿಸಿದಳು. ಊರಿಗೆಲ್ಲ ಸುದ್ದಿ ಬಿತ್ತರಿಸುವ ರೇಡಿಯೊ ಈ ಒಂದು ಸಂದೇಶಕ್ಕೆ ತುಟಿ ಬಿಚ್ಚಲಿಲ್ಲ. ತನ್ನ ಕರ್ತವ್ಯ ಮುಗಿಯಿತೆಂದು ತಂಗಿ ಅಂದುಕೊಂಡಳು. ಅಂದುಕೊಂಡದ್ದು ಮನಸ್ಸಿಗೆ ಒಪ್ಪಲಿಲ್ಲ.

ಮುಂದಿನ ವಾರ ಮಧ್ಯಾಹ್ನ ಅವಳು ಪ್ರಯೋಗಾಲಯದಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಫೋನು ನಡುಗಿತು. ಪರದೆಯ ಮೇಲೆ ‘ಅಕ್ಕ’ ಎಂದಿತ್ತು. ಕೈಗವಸು ತೆಗೆಯುವುದರೊಳಗೆ ಕರೆ ನಿಲ್ಲುತ್ತದೆಂದು ಗಾಬರಿಯಾಗಿ, ಗವಸಿನ ಕೈಯಲ್ಲೇ ಒತ್ತಿದಳು.

‘ಆ ಸಬ್‌ಸ್ಕ್ರಿಪ್ಷನ್ ಮುಗಿದೋಯ್ತಾ?’ ಎಂದಳು ಅಕ್ಕ. ವರ್ಷದ ಮೇಲೆ ಕೇಳಿದ ಮೊದಲ ಮಾತು ಅದು.

‘ಯಾವುದು?’

‘ವೈರಸ್‌ದು. ಮುಗಿದಿದ್ಯಾ ಇಲ್ವಾ, ಅಷ್ಟು ಹೇಳು.’

‘ಇಲ್ಲ. ಇನ್ನೂ ಇದೆ. ಯಾಕೆ?’

ಅತ್ತ ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. ಹಿಂದೆ ಯಾವುದೋ ಯಂತ್ರ ಕೀಂ ಕೀಂ ಎನ್ನುತ್ತಿತ್ತು. ‘ಕಂಪ್ಯೂಟರ್ ತುಂಬ ಕೆಂಪಗೆ ಬಂದ್ಬಿಟ್ಟಿದೆ ಕಣೇ. ಸಬ್‌ಸ್ಕ್ರಿಪ್ಷನ್ ಮುಗಿದಿದೆ, ವೈರಸ್ ಸಿಕ್ಕಿದೆ, ಈ ನಂಬರ್‌ಗೆ ಫೋನ್ ಮಾಡಿ ಅಂತ. ಮುಚ್ಚೋಕೂ ಬಿಡ್ತಿಲ್ಲ, ಒಂದೇ ಸಮ ಅರಚ್ತಿದೆ.’

ತಂಗಿ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. ‘ಫೋನ್ ಮಾಡಿದ್ಯಾ?’

‘ಮಾಡ್ದೆ. ಅವನಿನ್ನೂ ಲೈನಲ್ಲೇ ಇದಾನೆ, ನಿಮ್ಮ ಭಾವನ ಫೋನಲ್ಲಿ. ಹೊಸ ವರ್ಷನ್ ನಾನೇ ಹಾಕ್ಕೊಡ್ತೀನಿ, ಪರದೆ ಮೇಲೆ ಒಂದು ಸಂಖ್ಯೆ ಬರುತ್ತೆ, ಓದಿ ಹೇಳಿ ಅಂತಿದಾನೆ.’

‘ಓದಿದ್ಯಾ?’

‘ಇಲ್ಲ.’

‘ಅಕ್ಕ, ಓದ್ಬೇಡ. ಭಾವನ ಫೋನ್ ಕಟ್ ಮಾಡು. ಕಂಪ್ಯೂಟರಿನ ಹಿಂದೆ ಇಂಟರ್ನೆಟ್ ವೈರ್ ಇದೆಯಲ್ಲ, ಅದನ್ನ ಕಿತ್ತುಬಿಡು. ಆಮೇಲೆ ಕಂಪ್ಯೂಟರ್ ಆರಿಸು. ನಾನು ಬರ್ತೀನಿ.’

‘ಬರ್ತೀನಿ’ ಎಂದದ್ದು ಬಾಯಿಂದ ಹೊರಬಿದ್ದ ಮೇಲೆಯೇ ಅವಳಿಗೂ ಗೊತ್ತಾಯಿತು. ಅತ್ತ ಅಕ್ಕ, ‘ಆಯ್ತು, ಬಾ’ ಎಂದಳು.

ಅಂಗಡಿ ಹಾಗೆಯೇ ಇತ್ತು. ಇಕ್ಕಟ್ಟಾದ ಬಾಗಿಲು, ಗೋಡೆಯುದ್ದಕ್ಕೂ ಕಾಗದದ ರೀಮುಗಳು, ಬಿಸಿಯಾದ ಇಂಕಿನ ವಾಸನೆ. ಒಳಗಿನ ಮೂಲೆಯಲ್ಲಿ ಕತ್ತರಿಸುವ ಯಂತ್ರ ತಣ್ಣಗೆ ಕೂತಿತ್ತು. ಅದರ ಕಂಪ್ಯೂಟರಿನ ಪರದೆ ಕಪ್ಪಾಗಿತ್ತು. ಕಿತ್ತ ವೈರನ್ನು ಅಕ್ಕ ಮತ್ತೆಲ್ಲಿ ತಾನಾಗಿ ಹೋಗಿ ಸೇರಿಕೊಳ್ಳುತ್ತದೋ ಎಂಬಂತೆ ಕೈಯಲ್ಲೇ ಹಿಡಿದು ಕೂತಿದ್ದಳು. ಅವಳ ತಲೆಯಲ್ಲಿ ಬಿಳಿಗೂದಲು ಹೆಚ್ಚಾಗಿತ್ತು. ಕೂತ ಭಂಗಿ ಥೇಟ್ ಅಮ್ಮನದು. ತಂಗಿ ಬೇರೆ ಕಡೆ ನೋಡಿದಳು.

‘ಬಾಮ್ಮ’ ಎಂದ ಭಾವ, ಕುರ್ಚಿ ಎಳೆದು ಕೊಟ್ಟು. ‘ಕಾಫಿ ತರ್ಲಾ, ಟೀ ತರ್ಲಾ, ಇಲ್ಲ ಮೊದ್ಲು ಬೈಗುಳ ತಿಂದ್ಬಿಡ್ಲಾ?’

‘ನಾನು ಕಳಿಸಿದ ಮೆಸೇಜ್ ನೋಡಿದ್ರಾ ಭಾವ?’

‘ನೋಡ್ದೆ. ಅವತ್ತೇ ನಿಮ್ಮಕ್ಕಂಗೂ ತೋರಿಸ್ದೆ. ಏನು ಉತ್ತರ ಬರೀಲಿ ಅಂದ್ರೆ ಇವಳು ಏನೂ ಬೇಡ ಅಂದ್ಲು. ಆಮೇಲೆ ಬರೆಯೋಣ ಅಂದ್ಲು. ಆಮೇಲೆ ಅತ್ಳು.’

‘ರೀ, ಸಾಕು’ ಎಂದಳು ಅಕ್ಕ. ಅವನು ಟೀ ತರುವ ನೆಪದಲ್ಲಿ ಹೊರಗೆ ನಡೆದ.

ತಂಗಿ ಕಂಪ್ಯೂಟರಿನ ಮುಂದೆ ಕೂತು ಅದನ್ನು ಚಾಲೂ ಮಾಡಿದಳು. ವೈರ್ ಇಲ್ಲದ್ದರಿಂದ ಆ ಕೆಂಪು ಪುಟ ಮತ್ತೆ ಬರಲಿಲ್ಲ. ಅದು ಆ್ಯಂಟಿವೈರಸ್ಸಿನದೇ ಆಗಿರಲಿಲ್ಲ. ಕಂಪನಿಯ ವೇಷ ಹಾಕಿಕೊಂಡು ಬಂದ ಒಂದು ವೆಬ್ ಪುಟ, ಅಷ್ಟೆ. ಆ ಸಂಖ್ಯೆ ಓದಿ ಹೇಳಿದ್ದರೆ ಇಡೀ ಕಂಪ್ಯೂಟರ್ ದೂರದಿಂದಲೇ ಅವನ ಕೈಗೆ ಸಿಗುತ್ತಿತ್ತು.

‘ಅವನ ಮಾತನ್ನ ನಾನು ಯಾಕೆ ನಂಬಿದೆ ಗೊತ್ತಾ?’ ಎಂದಳು ಅಕ್ಕ ಹಿಂದಿನಿಂದ. ‘ನೀನೇ ಹೇಳಿ ಕಳಿಸಿದ್ದೆಯಲ್ಲ, ಕಂಪ್ಯೂಟರ್ ಸರಿಯಿಲ್ಲ, ಹಳೇದಾಗಿದೆ ಅಂತ. ಅವನೂ ಅದನ್ನೇ ಅಂದ. ಹಾಗಾದ್ರೆ ನಿಜ ಇರ್ಬೇಕು ಅನ್ನಿಸ್ತು.’

ತಂಗಿಯ ಕೈ ಮೌಸಿನ ಮೇಲೆ ನಿಂತಿತು. ಹೇಳಿದ್ದೇನೆ ಎಂದು ತಾನು ಸಮಾಧಾನ ಪಟ್ಟುಕೊಂಡಿದ್ದ ಅರ್ಧ ಮಾತೇ ಆ ಕಳ್ಳನಿಗೆ ಬಾಗಿಲು ತೆರೆದಿತ್ತು.

‘ಮತ್ತೆ ಸಂಖ್ಯೆ ಯಾಕೆ ಓದ್ಲಿಲ್ಲ?’

‘ಯಾರ ಹೆಸರಲ್ಲಿದೆ ಹೇಳಿ ಅಂದೆ. ನಿಮ್ಮ ಹೆಸರಲ್ಲೇ ಇದೆ ಮೇಡಂ ಅಂದ. ನನಗೆ ಅಷ್ಟು ಗೊತ್ತಿಲ್ವಾ? ಅದು ನನ್ನ ತಂಗಿ ಹೆಸರಲ್ಲಿದೆ, ಅವಳನ್ನ ಕೇಳಿ ಹೇಳ್ತೀನಿ ಇರಿ ಅಂದೆ. ಕೇಳೋದೇನೂ ಬೇಡ, ಬೇಗ ಓದಿ, ಇಲ್ಲಾಂದ್ರೆ ಎಲ್ಲ ಹೋಗುತ್ತೆ ಅಂತ ಅವಸರ ಮಾಡ್ದ. ಆಗ ಅನುಮಾನ ಬಂತು. ಆದ್ರೂ ಖಾತ್ರಿ ಇರ್ಲಿಲ್ಲ. ನೀನು ನಿಜವಾಗ್ಲೂ ನಿಲ್ಲಿಸಿರ್ಬಹುದು ಅಂತ ಒಂದು ಕಡೆ ಅನ್ನಿಸ್ತಿತ್ತು. ನಿಲ್ಲಿಸಿದ್ರೂ ತಪ್ಪೇನಿಲ್ಲ.’

‘ನಿಲ್ಲಿಸೋಕೆ ಹೊರಟಿದ್ದೆ’ ಎಂದಳು ತಂಗಿ.

ಅಕ್ಕ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದುಕೊಂಡು ಕೂತಳು. ‘ಇದೆಲ್ಲ ಏನು ಅಂತ ನನಗೆ ಒಂದ್ಸಲ ಸರಿಯಾಗಿ ಹೇಳು. ಸಬ್‌ಸ್ಕ್ರಿಪ್ಷನ್ ಇದೆ ಅಂತೀಯ. ಮತ್ತೆ ಹಳೇದಾಗಿದ್ದು ಹೇಗೆ?’

ತಂಗಿ ಹೇಗೆ ಹೇಳಲಿ ಎಂದು ಸುತ್ತ ನೋಡಿದಳು. ‘ನಿನ್ನ ಪ್ರಿಂಟರನ್ನೇ ತಗೋ. ಒಬ್ಬರ ಹತ್ರ ವರ್ಷದ ಒಪ್ಪಂದ ಮಾಡ್ಕೊಂಡಿದೀಯ ಅನ್ಕೋ. ದಿನಾ ಹೊಸ ಇಂಕ್ ಕೊಡ್ತಾರೆ. ಪ್ರಿಂಟರಿನ ಹೊಸ ಮಾದರಿ ಬಂದ್ರೆ, ಹಳೇದನ್ನ ಒಯ್ದು ಅದನ್ನೂ ಕೊಡ್ತಾರೆ. ಒಪ್ಪಂದ ಇರೋವರೆಗೆ ಅದಕ್ಕೆ ಬೇರೆ ಏನೂ ಕೊಡ್ಬೇಕಾಗಿಲ್ಲ. ಆ ಒಪ್ಪಂದವೇ ಚಂದಾ. ಇಂಕ್ ಅಂದ್ರೆ ದಿನದ ಅಪ್‌ಡೇಟ್. ಇವತ್ತು ಹೊಸದಾಗಿ ಹುಟ್ಟಿದ ವೈರಸ್ ಯಾವುದು, ಹೇಗಿರುತ್ತೆ ಅಂತ ಕಂಪ್ಯೂಟರಿಗೆ ತಿಳಿಸೋದು. ಹೊಸ ಮಾದರಿ ಅಂದ್ರೆ ವರ್ಷನ್ ಅಪ್‌ಗ್ರೇಡ್. ಪ್ರೋಗ್ರಾಮೇ ಹೊಸದು.’

‘ಚಂದಾ ಮುಗಿದ್ರೆ ಪ್ರಿಂಟರ್ ತಗೊಂಡು ಹೋಗ್ತಾರಾ?’

‘ಹೆಚ್ಚಾಗಿ ಇಲ್ಲ. ಅಲ್ಲೇ ಇರುತ್ತೆ, ಇಂಕ್ ಬರಲ್ಲ. ಇದೆಯಲ್ಲ ಅಂತ ನಾವು ಧೈರ್ಯವಾಗಿರ್ತೀವಿ. ನಿನ್ನದ್ರಲ್ಲಿ ಆಗಿರೋದು ಬೇರೆ. ಒಪ್ಪಂದ ಇದೆ, ಇಂಕೂ ಇದೆ. ಆದ್ರೆ ನಿನ್ನ ಪ್ರಿಂಟರ್ ಎಷ್ಟು ಹಳೇದು ಅಂದ್ರೆ, ಈಗ ಬರೋ ಇಂಕ್ ಡಬ್ಬಿ ಅದಕ್ಕೆ ಕೂರ್ತಿಲ್ಲ. ಹೊಸ ಮಾದರಿ ಹಾಕ್ಕೊಳ್ಳಿ ಅಂತ ಅವರು ಎಷ್ಟೋ ಸಲ ಕೇಳಿರ್ತಾರೆ.’

‘ಕೇಳ್ತಿತ್ತು’ ಎಂದಳು ಅಕ್ಕ. ‘ಬೆಳಿಗ್ಗೆ ಕಂಪ್ಯೂಟರ್ ಹಾಕಿದ ತಕ್ಷಣ ಕೇಳ್ತಿತ್ತು. ಕಟಿಂಗ್ ಮಷೀನ್ ಜೋಡಿಸಿದವನು ಈ ಕಂಪ್ಯೂಟರಲ್ಲಿ ಏನನ್ನೂ ಬದಲಾಯಿಸ್ಬೇಡಿ, ಬದಲಾಯಿಸಿದ್ರೆ ಮಷೀನ್ ನಿಂತ್ಹೋಗುತ್ತೆ ಅಂದಿದ್ದ. ನಿನ್ನ ಕೇಳೋಣ ಅಂದ್ರೆ...’ ಮಾತು ಅಲ್ಲಿಗೇ ಬಿಟ್ಟಳು. ‘ಅದಕ್ಕೇ ದಿನಾ ‘ಆಮೇಲೆ ನೆನಪಿಸು’ ಅಂತ ಒತ್ತಿಬಿಡ್ತಿದ್ದೆ.’

ತಂಗಿ ಪರೀಕ್ಷಿಸಿ ನೋಡಿದಳು. ಯಂತ್ರ ಜೋಡಿಸಿದವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕತ್ತರಿಸುವ ಯಂತ್ರದ ತಂತ್ರಾಂಶ ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು, ಆ್ಯಂಟಿವೈರಸ್ಸಿನ ಹೊಸ ಆವೃತ್ತಿಗೋ ಹೊಸ ವಿಂಡೋಸೇ ಬೇಕಿತ್ತು. ಒಂದನ್ನು ಉಳಿಸಿಕೊಂಡರೆ ಇನ್ನೊಂದು ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಅಕ್ಕನ ಕೈಯಿಂದ ಆ ವೈರನ್ನು ತೆಗೆದುಕೊಂಡು ಸುತ್ತಿ ಕಪಾಟಿನ ಮೇಲಿಟ್ಟಳು.

‘ಇನ್ಮೇಲೆ ಈ ಕಂಪ್ಯೂಟರಿಗೆ ಇಂಟರ್ನೆಟ್ ಬೇಡ. ಇದು ಕತ್ತರಿಸೋ ಕೆಲಸ ಮಾತ್ರ ಮಾಡ್ಲಿ. ಗಿರಾಕಿ ತಂದ ಪೆನ್‌ಡ್ರೈವ್ ಮೊದಲನೇ ಕಂಪ್ಯೂಟರಿಗೇ ಹಾಕು, ಅದರಲ್ಲಿ ಹೊಸ ವರ್ಷನ್ ಇದೆ, ತಾನೇ ಪರೀಕ್ಷೆ ಮಾಡುತ್ತೆ. ಆಮೇಲೆ ಬೇಕಾದ ಫೈಲನ್ನಷ್ಟೇ ಅಂಗಡಿಯ ಪೆನ್‌ಡ್ರೈವಲ್ಲಿ ಇಲ್ಲಿಗೆ ತಾ. ಪೂರ್ತಿ ಭದ್ರ ಅಂತ ಹೇಳಲ್ಲ, ಮೊದಲಿಗಿಂತ ವಾಸಿ. ಹೊಸ ಮಷೀನ್ ತಗೊಂಡಾಗ ಇದನ್ನ ಬಿಟ್ಟರಾಯ್ತು.’

ಟೀ ಹಿಡಿದು ಬಂದ ಭಾವ ಅಷ್ಟನ್ನೂ ಕೇಳಿಸಿಕೊಂಡ. ‘ಹಾಗಾದ್ರೆ ಇದಕ್ಕೆ ಲೋಕದ ಗೊಡವೆಯೇ ಇಲ್ಲ ಅನ್ನು. ಪುಣ್ಯ ಮಾಡಿತ್ತು’ ಎಂದ. ಅಕ್ಕ ನಕ್ಕಳು. ತಂಗಿಗೂ ನಗು ಬಂತು. ಇಬ್ಬರೂ ಒಟ್ಟಿಗೆ ನಕ್ಕದ್ದು ಅರಿವಿಗೆ ಬಂದು ಇಬ್ಬರೂ ಒಟ್ಟಿಗೇ ನಿಲ್ಲಿಸಿದರು. ಅಷ್ಟರಲ್ಲಿ ಯಾರೋ ಲೇಬಲ್ಲು ಕೇಳಿಕೊಂಡು ಬಂದರು, ಭಾವ ಮುಂದಿನ ಕೌಂಟರಿಗೆ ಹೋದ.

ತಂಗಿ ಮೊದಲನೆಯ ಕಂಪ್ಯೂಟರಿನಲ್ಲಿ ತನ್ನ ಖಾತೆ ತೆರೆದು ಐದು ಯಂತ್ರಗಳ ಯೋಜನೆಯನ್ನೇ ಆರಿಸಿದಳು. ಕಂಪನಿಯ ಪುಟಕ್ಕೆ ತಾನೇ ಹೋಗಿ ನವೀಕರಿಸುವುದು ಹೇಗೆ, ದಾರಿಯಲ್ಲಿ ಎದುರಾಗುವ ಯಾವ ನಂಬರಿಗೂ ಏಕೆ ಫೋನ್ ಮಾಡಬಾರದು ಎಂದು ಅಕ್ಕನಿಗೆ ತೋರಿಸಿದಳು. ಆ ಕೆಲಸ ಮುಗಿದ ಮೇಲೂ ಇಬ್ಬರೂ ಏಳಲಿಲ್ಲ.

‘ಆ ಮೆಸೇಜಲ್ಲಿ ಇನ್ನೊಂದು ಸಾಲು ಬರೆದಿದ್ರೆ ಇವತ್ತು ಹೀಗಾಗ್ತಿರ್ಲಿಲ್ಲ’ ಎಂದಳು ತಂಗಿ. ‘ಏನು ತೊಂದರೆ, ಏನು ಮಾಡ್ಬೇಕು ಅಂತ ಹೇಳ್ಬೇಕಿತ್ತು. ನಿನ್ನ ಜೊತೆ ಮಾತಾಡೋಕಾಗದೆ ಅಷ್ಟರಲ್ಲೇ ಮುಗಿಸ್ದೆ.’

ಅಕ್ಕ ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ‘ನಾನೂ ಅಷ್ಟೆ’ ಎಂದಳು. ‘ಅಮ್ಮನ ವಿಷಯ ನಿನ್ನಿಂದ ಮುಚ್ಚಿಡ್ಬೇಕು ಅಂತ ನಾನು ಯಾವತ್ತೂ ತೀರ್ಮಾನ ಮಾಡ್ಲಿಲ್ಲ. ನಾಳೆ ಹೇಳೋಣ ಅನ್ಕೋತಿದ್ದೆ. ನಾಳೆ ಅಮ್ಮ ಸ್ವಲ್ಪ ಗೆಲುವಾಗಿರೋಳು, ಒಂದು ತುತ್ತು ಹೆಚ್ಚಿಗೆ ತಿನ್ನೋಳು. ಅಯ್ಯೋ, ಹುಷಾರಾಗ್ತಿದಾಳೆ, ಇವಳನ್ನ ಯಾಕೆ ಹೆದರಿಸ್ಲಿ ಅನ್ಕೋತಿದ್ದೆ. ನಿನಗೆ ಹೇಳಿಬಿಟ್ರೆ ನಾನೂ ಅದನ್ನ ನಂಬಬೇಕಾಗ್ತಿತ್ತು. ಹಾಗೇ ಒಂದೊಂದೇ ದಿನ ಹೋಯ್ತು. ಅದು ತಪ್ಪು. ನೀನು ಕ್ಷಮಿಸು ಅಂತ ಹೇಳ್ತಿಲ್ಲ, ನಡೆದದ್ದು ಹೇಳ್ತಿದೀನಿ.’

ತಂಗಿ ಇಷ್ಟು ದಿನ ಅಕ್ಕನ ಬಗ್ಗೆ ಕಟ್ಟಿಕೊಂಡಿದ್ದ ಕಾರಣಗಳು ಬೇರೆಯಾಗಿದ್ದವು. ಅಮ್ಮನ ಕೊನೆಯ ದಿನಗಳನ್ನು ಅಕ್ಕ ತನಗೊಬ್ಬಳಿಗೇ ಇಟ್ಟುಕೊಂಡಳು, ತನ್ನನ್ನು ಚಿಕ್ಕವಳೆಂದು ದೂರವಿಟ್ಟಳು, ಹೀಗೆ. ಹೆದರಿದ ಒಬ್ಬ ಹೆಂಗಸು ಆಸ್ಪತ್ರೆಯ ಓಣಿಯಲ್ಲಿ ಫೋನ್ ಹಿಡಿದು ನಿಂತು ‘ಸ್ವಲ್ಪ ಸುಸ್ತು ಅಷ್ಟೆ’ ಎನ್ನುತ್ತಿದ್ದ ಚಿತ್ರ ಅವುಗಳಲ್ಲಿ ಇರಲಿಲ್ಲ. ಈಗ ಕಂಡಿತೆಂದು ನೋವೇನೂ ಹೋಗಲಿಲ್ಲ. ಇಬ್ಬರಿಗೂ ಸೇರಿದ ನೋವಾಯಿತು, ಅಷ್ಟೆ.

‘ನನಗೆ ಸಿಟ್ಟು ಪೂರ್ತಿ ಹೋಗಿಲ್ಲ’ ಎಂದಳು.

‘ಇರಲಿ ಬಿಡು. ಇಟ್ಕೊಂಡೇ ಬರ್ತಾ ಇರು.’

ಹೊರಗೆ ಬೀದಿ ದೀಪಗಳು ಹತ್ತಿಕೊಂಡವು. ಭಾವ ಗಿರಾಕಿಯನ್ನು ಕಳಿಸಿ, ಒಳಗೆ ಇಣುಕಿ, ಜೀವಮಾನದಲ್ಲೇ ಮೊದಲ ಸಲವೆಂಬಂತೆ ಏನೂ ಮಾತಾಡದೆ ಹಿಂದಕ್ಕೆ ಹೋದ. ತಂಗಿ ಗಂಡನಿಗೆ ಬರುವುದು ತಡವಾಗುತ್ತದೆಂದು ತಿಳಿಸಿ ಫೋನನ್ನು ಚೀಲದೊಳಗೆ ಹಾಕಿದಳು.

‘ಆ ದಿನಗಳಲ್ಲಿ ಏನೇನಾಯ್ತು, ಮೊದಲಿಂದ ಹೇಳು’ ಎಂದಳು. ‘ನನಗೇನೂ ಗೊತ್ತಿಲ್ಲ. ಯಾವುದನ್ನೂ ಬಿಡ್ಬೇಡ.’

ಅಕ್ಕ ಲೋಟ ಕೆಳಗಿಟ್ಟು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡಳು. ‘ಅವಳಿಗೆ ಕಿಟಕಿ ಪಕ್ಕದ ಮಂಚವೇ ಬೇಕು ಅಂತ ಹಟ’ ಎಂದು ಶುರುಮಾಡಿದಳು. ‘ನರ್ಸ್ ಆಗಲ್ಲ ಅಂದ್ಲು. ಅಮ್ಮ ಬಿಡ್ತಾಳಾ...’